ಬಾಗಿಲಿಗೆ ಒಂದು ಕಲ್ಲು ಇಡಿ

ಕರಾವಳಿಯಲ್ಲಿ ಕೊಯ್ಲು ಮುಗಿದು ಗದ್ದೆ ಒಣಗಿತೆಂದರೆ ಪಂದ್ಯಾಟಗಳ ಕಾಲ. ಬಸ್ ಸ್ಟ್ಯಾಂಡಿನ ಗೋಡೆ ತುಂಬ ಕರಪತ್ರ: ಹೊನಲು ಬೆಳಕಿನ ಮ್ಯಾಟ್ ಕಬಡ್ಡಿ, 60 ಕೆ.ಜಿ. ವಿಭಾಗ, ಪ್ರಥಮ ಬಹುಮಾನ ಇಷ್ಟು, ದ್ವಿತೀಯ ಇಷ್ಟು, ಬೆಸ್ಟ್ ರೈಡರ್‌ಗೆ ಒಂದು ಟ್ರೋಫಿ. ತಳದಲ್ಲಿ ಸಣ್ಣಕ್ಷರದ ಎರಡು ಸಾಲು ಎಲ್ಲ ಊರಿನ ಕರಪತ್ರದಲ್ಲೂ ಇರುತ್ತವೆ. ಒಂದು, ಸಂಘಟಕರ ತೀರ್ಮಾನವೇ ಅಂತಿಮ. ಎರಡು, ಆಟಗಾರರಿಗೆ ಆಗುವ ಗಾಯಗಳಿಗೆ ಸಂಘಟಕರು ಹೊಣೆಯಲ್ಲ. ನಮ್ಮ ಯುವಕ ಮಂಡಲದ ಕರಪತ್ರದ ಕರಡು ತಿದ್ದುವ ಕೆಲಸ ಹಲವು ವರ್ಷ ನನ್ನದೇ ಆಗಿತ್ತು. ಆ ಸಾಲುಗಳಲ್ಲಿ ಕಾಗುಣಿತ ಬಿಟ್ಟು ಬೇರೇನನ್ನೂ ನಾನು ನೋಡಿರಲಿಲ್ಲ.

ಎರಡು ವರ್ಷದ ಹಿಂದೆ ಮಂಡಲದ ಸಭೆಗೆ ಒಂದು ಪುಟ ಬರೆದುಕೊಂಡು ಹೋದೆ. ಮಕ್ಕಳಿಗೆ ಆಟ ಕಲಿಸುವಾಗ, ತಂಡ ಕರೆದುಕೊಂಡು ಹೋಗುವಾಗ, ಪಂದ್ಯ ನಡೆಸುವಾಗ ಪಾಲಿಸಬೇಕಾದ ಹತ್ತು ಹದಿನೈದು ನಿಯಮಗಳು, ಅಷ್ಟೆ. ಚಹಾ ಆರುವವರೆಗೆ ಆಕ್ಷೇಪಗಳು ಬಂದವು. ಹೇಳಿದವರು ಯಾರೂ ಕೆಟ್ಟವರಲ್ಲ. ಅವರಲ್ಲಿ ಕೆಲವರು ತಮ್ಮ ಕೈಯಿಂದ ಶೂ ತೆಗೆಸಿಕೊಟ್ಟು ಹುಡುಗರನ್ನು ಆಡಿಸಿದವರು. ಆದರೆ ಅವರ ಮಾತುಗಳಲ್ಲಿ ಹೆಚ್ಚಿನವು ತಪ್ಪು ತಿಳಿವಳಿಕೆಯಿಂದ ಬಂದವು. ನೆನಪಿಗೆ ಬಂದ ಕ್ರಮದಲ್ಲೇ ಇಲ್ಲಿ ಬರೆಯುತ್ತೇನೆ.

ತಪ್ಪು ಕಲ್ಪನೆ: "ಇದೆಲ್ಲ ದೊಡ್ಡ ಫೆಡರೇಶನ್‌ನವರಿಗೆ ಮಾರಾಯ್ರೆ, ನಮ್ಮ ಮಂಡಲಕ್ಕೆ ಎಂತಕ್ಕೆ?"

ಕಾನೂನು ಮಂಡಲದ ಗಾತ್ರ ಕೇಳುವುದಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯಲು 2013ರಲ್ಲಿ ಬಂದ ಕಾಯ್ದೆಯನ್ನು ಜನ ಆಫೀಸಿನ ಕಾಯ್ದೆ ಅಂದುಕೊಂಡಿದ್ದಾರೆ. ಅದರಲ್ಲಿ ಕೆಲಸದ ಸ್ಥಳ ಎಂದರೇನು ಎಂದು ಹೇಳುವ ಕಡೆ ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ಸ್ಪರ್ಧೆ ನಡೆಯುವ ಜಾಗ, ಎಲ್ಲವನ್ನೂ ಬಿಡಿಸಿ ಹೆಸರಿಸಿದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಕಡೆಯವರ ದೂರು ಕೇಳಲು ಜಿಲ್ಲೆಯಲ್ಲೊಂದು ಸ್ಥಳೀಯ ಸಮಿತಿ ಇರುತ್ತದೆ. ದೂರು ಕೊಡುವ ಮಹಿಳೆ ಸಂಬಳಕ್ಕೆ ಇರುವವಳೇ ಆಗಬೇಕೆಂದಿಲ್ಲ. ಇನ್ನು 18 ತುಂಬದ ಯಾವ ಮಗುವಿನ ವಿಷಯಕ್ಕೂ, ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ಅದು ರಾಷ್ಟ್ರೀಯ ಶಿಬಿರವಾದರೂ ಸರಿ, ಶಾಲೆ ಮೈದಾನದಲ್ಲಿ ಬೆಳಿಗ್ಗೆ ಆರಕ್ಕೆ ನಡೆಯುವ ವಾಲಿಬಾಲ್ ಅಭ್ಯಾಸವಾದರೂ ಸರಿ.

ದೊಡ್ಡವರು ಪಾಲಿಸುತ್ತಿದ್ದರು ಎಂದೂ ತಿಳಿಯಬೇಡಿ. 2023ರಲ್ಲಿ ಕುಸ್ತಿಪಟುಗಳು ಲೈಂಗಿಕ ಕಿರುಕುಳದ ವಿರುದ್ಧ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತ ಮೇಲೆ ಎಷ್ಟು ಫೆಡರೇಶನ್‌ಗಳಲ್ಲಿ ಸರಿಯಾದ ಆಂತರಿಕ ಸಮಿತಿಯೇ ಇಲ್ಲ ಎಂಬುದು ಹೊರಬಿತ್ತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೋಟಿಸ್ ಕೊಡಬೇಕಾಯಿತು. 2025ರಲ್ಲಿ ಬಂದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಈಗ ರಾಷ್ಟ್ರೀಯ ಕ್ರೀಡಾ ಸಂಸ್ಥೆಗಳಿಗೆ ಸುರಕ್ಷಿತ ಕ್ರೀಡಾ ನೀತಿಯೊಂದು ಇರಬೇಕೆಂದು ಹೇಳುತ್ತಿದೆ. ನಮ್ಮ ಹುಡುಗಿಯರು ಆ ಸಂಸ್ಥೆಗಳ ಬಾಗಿಲಿಗೆ ಹೋಗುವ ಮೊದಲು ಆರೇಳು ವರ್ಷ ನಮ್ಮ ಮೈದಾನದಲ್ಲೇ ಆಡಿರುತ್ತಾರೆ. ಆ ಆರೇಳು ವರ್ಷ ನಮ್ಮ ಲೆಕ್ಕಕ್ಕೇ ಸೇರಿದ್ದು.

ತಪ್ಪು ಕಲ್ಪನೆ: "ನಮ್ಮ ಮಾಸ್ಟ್ರು ಗೊತ್ತಿದ್ದವರು. ಅವರ ಮೇಲೆ ಸಂಶಯವಾ?"

ಎಲ್ಲಕ್ಕಿಂತ ಗಟ್ಟಿಯಾಗಿ ಬಂದ ಮಾತು ಇದು. ಹೇಳಿದವರ ಕಣ್ಣಲ್ಲಿ ನೋವಿತ್ತು.

ಗೊತ್ತಿದ್ದವರು ಎಂಬುದೇ ಇಲ್ಲಿ ಸಮಾಧಾನದ ಮಾತಲ್ಲ. ನಮ್ಮ ದೇಶದ ಪೋಕ್ಸೊ ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಮಗುವಿಗೆ ಪರಿಚಯದವರೇ: ನೆಂಟರು, ನೆರೆಯವರು, ಕಲಿಸುವವರು. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್‌ನ ಕತೆ ಓದಿದವರಿಗೆ ಇದು ಗೊತ್ತು. ಆತ ಎಲ್ಲರಿಗೂ ಬೇಕಾದವನು, ನಗುಮುಖದವನು. ಕೆಲವು ಸಲ ತಾಯಂದಿರು ಅದೇ ಕೋಣೆಯಲ್ಲಿ ಕೂತಿರುವಾಗಲೇ, ಅವರಿಗೆ ಕಾಣದ ಹಾಗೆ ಅಡ್ಡ ನಿಂತು, ಚಿಕಿತ್ಸೆ ಎಂಬ ಹೆಸರಿನಲ್ಲಿ ದೌರ್ಜನ್ಯ ನಡೆಸಿದ. ಹುಡುಗಿಯರು ಮೊದಲು ಬಾಯಿ ಬಿಟ್ಟದ್ದು 1990ರ ದಶಕದಲ್ಲಿ. ಅವನ ಬಂಧನವಾದದ್ದು 2016ರಲ್ಲಿ. 2018ರ ಜನವರಿಯಲ್ಲಿ 150ಕ್ಕೂ ಹೆಚ್ಚು ಮಂದಿ ಮಿಶಿಗನ್‌ನ ನ್ಯಾಯಾಲಯದಲ್ಲಿ ಒಬ್ಬೊಬ್ಬರಾಗಿ ಎದ್ದುನಿಂತು ಹೇಳಿದರು. ನಡುವಿನ ಅಷ್ಟು ವರ್ಷ ಅವನನ್ನು ಕಾದದ್ದು "ಅವರು ಅಂಥವರಲ್ಲ" ಎಂಬ ಒಂದೇ ಮಾತು.

ಹಾಗಾದರೆ ಎಲ್ಲ ಮಾಸ್ಟ್ರನ್ನೂ ಕಳ್ಳರಂತೆ ನೋಡಬೇಕೇ? ಖಂಡಿತ ಬೇಡ. ಒಬ್ಬ ಮನುಷ್ಯ ಒಳ್ಳೆಯವನೋ ಅಲ್ಲವೋ ಎಂದು ಊಹಿಸುವ ಕೆಲಸವನ್ನೇ ಬಿಟ್ಟುಬಿಡಿ. ಅದು ನಮ್ಮಿಂದ ಆಗುವ ಕೆಲಸವೂ ಅಲ್ಲ. ಬದಲಿಗೆ ಅಭ್ಯಾಸಗಳನ್ನು ನೋಡಿ. ನಮ್ಮಲ್ಲಿ ಆಟ ಮುಗಿದ ಮೇಲೆ ಹುಡುಗಿಯರಲ್ಲಿ ಕೊನೆಗೆ ಉಳಿದವಳನ್ನು ಮಾಸ್ಟ್ರು ಬೈಕಿನಲ್ಲಿ ಮನೆಗೆ ಬಿಡುತ್ತಿದ್ದರು. ಉಪಕಾರವೇ. ಆದರೆ ಕತ್ತಲಾದ ಮೇಲೆ ನಾಲ್ಕು ಕಿಲೋಮೀಟರ್ ದಾರಿ, ಇಬ್ಬರೇ. ಈಗ ಕೊನೆಯ ಮಗುವಿನ ಮನೆಯವರು ಬರುವವರೆಗೆ ಇಬ್ಬರು ದೊಡ್ಡವರು ಮೈದಾನದಲ್ಲಿ ನಿಲ್ಲುತ್ತಾರೆ. ಅಭ್ಯಾಸದ ಸಮಯ ಬದಲಾದರೆ ಮಾಸ್ಟ್ರು ಮಗುವಿನ ಫೋನಿಗೆ ಒಂಟಿಯಾಗಿ ಮೆಸೇಜ್ ಹಾಕುವುದಿಲ್ಲ, ಪೋಷಕರೂ ಇರುವ ವಾಟ್ಸಾಪ್ ಗುಂಪಿಗೇ ಹಾಕುತ್ತಾರೆ. ಕಾಲು ಉಳುಕಿದವರಿಗೆ ಎಣ್ಣೆ ತಿಕ್ಕುವುದು ಎಲ್ಲರ ಎದುರು ನಡೆಯುತ್ತದೆ. ಹೊರ ಊರಿನ ಪಂದ್ಯಕ್ಕೆ ಹೋದರೆ ಹುಡುಗಿಯರ ಜೊತೆ ಒಬ್ಬ ಹೆಂಗಸು ಹೋಗಲೇಬೇಕು, ಮಕ್ಕಳ ಕೋಣೆಯಲ್ಲಿ ದೊಡ್ಡವರು ಮಲಗುವಂತಿಲ್ಲ.

ಮಂಡಲದ ಸಾಮಾನು ಇಡುವ ಕೋಣೆಯ ಬಾಗಿಲಿಗೆ ತಾನಾಗಿ ಮುಚ್ಚಿಕೊಳ್ಳುವ ಗುಣ. ಒಳಗೆ ಮಕ್ಕಳಿರುವಾಗ ಅದಕ್ಕೊಂದು ಕೆಂಪುಕಲ್ಲು ಅಡ್ಡ ಇಡಬೇಕು ಎಂಬುದು ಆ ಪುಟದ ನಾಲ್ಕನೇ ನಿಯಮ. ಮೊದಲ ವಾರ ಎಲ್ಲರೂ ನಕ್ಕರು. ಈಗ ಕಲ್ಲು ಸ್ವಲ್ಪ ಸರಿದಿದ್ದರೆ ಹತ್ತು ವರ್ಷದ ಪೋರನೇ ಕಾಲಿನಿಂದ ಒತ್ತಿ ಸರಿಮಾಡಿ ಹೋಗುತ್ತಾನೆ. ಅಂದು ಬೇಸರ ಮಾಡಿಕೊಂಡಿದ್ದ ಮಾಸ್ಟ್ರೇ ಆಮೇಲೊಂದು ದಿನ ನನಗೆ ಹೇಳಿದರು: "ಕಲ್ಲು ಇದ್ರೆ ನಂಗೇ ನಿದ್ದೆ ಚೆಂದ ಬರ್ತದೆ." ಸುಳ್ಳು ಮಾತು ಹುಟ್ಟಲೂ ಒಂದು ಮುಚ್ಚಿದ ಬಾಗಿಲು ಬೇಕಲ್ಲ.

ತಪ್ಪು ಕಲ್ಪನೆ: "ನಾವು ಪೆಟ್ಟು ತಿಂದೇ ಕಲಿತದ್ದು. ಪೆಟ್ಟಿಲ್ಲದೆ ಶಿಸ್ತು ಬರುವುದಿಲ್ಲ."

ನಾನೂ ತಿಂದಿದ್ದೇನೆ. ಸರ್ವ್ ನೆಟ್ಟಿಗೆ ಹೊಡೆದರೆ ತೊಡೆಯ ಮೇಲೆ ಬಾಸುಂಡೆ. ಅದರಿಂದ ನನ್ನ ಸರ್ವ್ ಸುಧಾರಿಸಲಿಲ್ಲ, ಸರ್ವ್ ಮಾಡುವ ಸರದಿ ತಪ್ಪಿಸಿಕೊಳ್ಳುವ ಉಪಾಯ ಸುಧಾರಿಸಿತು. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮೈದಾನ ಶಾಲೆಯದಲ್ಲದಿದ್ದರೂ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಇದೆ. ಮಗು ಯಾರ ಸುಪರ್ದಿಯಲ್ಲಿದೆಯೋ ಅವರೇ ಅದನ್ನು ಹೊಡೆದು ಬಡಿದು ಹಿಂಸಿಸಿದರೆ ಮೂರು ವರ್ಷದವರೆಗೆ ಜೈಲು. ಮಕ್ಕಳ ಆರೈಕೆ ವಹಿಸಿಕೊಂಡ ಸಂಸ್ಥೆಯವರೇ ಹೀಗೆ ಮಾಡಿದರೆ ಐದು ವರ್ಷದವರೆಗೆ.

ಪೆಟ್ಟಿಗಿಂತ ಅಪಾಯದ ಇನ್ನೊಂದು ಶಿಸ್ತು ನಮ್ಮಲ್ಲಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಅಭ್ಯಾಸದ ನಡುವೆ ನೀರು ಕೊಡದಿರುವುದು. ನೀರು ಕುಡಿದರೆ ಹೊಟ್ಟೆ ಭಾರವಾಗುತ್ತದೆ, ಸಹನೆ ಬೆಳೆಯುವುದಿಲ್ಲ ಎಂಬ ನಂಬಿಕೆ. ಏಪ್ರಿಲ್‌ನ ಕರಾವಳಿಯಲ್ಲಿ ಗಾಳಿಯೇ ಒದ್ದೆ. ಬೆವರು ಆರುವುದಿಲ್ಲ, ಆರದಿದ್ದರೆ ಮೈ ತಣಿಯುವುದಿಲ್ಲ. ಬಾಯಾರಿದ ಮಗು ಕೇಳಿದಾಗ ನೀರು ಕೊಡಬೇಕು, ಕೇಳದಿದ್ದರೂ ಆಗಾಗ ನಿಲ್ಲಿಸಿ ಕುಡಿಸಬೇಕು. ತಲೆ ತಿರುಗಿ, ಮಾತು ತೊದಲಿ, ಮೈ ಕೆಂಡದಂತೆ ಸುಟ್ಟರೆ ಅದು ಶಾಖಾಘಾತ. ನೆರಳಿಗೆ ತಂದು ಮೈಮೇಲೆ ನೀರು ಸುರಿಯುತ್ತಾ 108ಕ್ಕೆ ಫೋನ್ ಮಾಡಬೇಕು. ಸಹನೆಯ ಪಾಠ ಆಮೇಲೆ.

ತಪ್ಪು ಕಲ್ಪನೆ: "ಎಚ್ಚರ ತಪ್ಪಲಿಲ್ಲ ಅಂದ್ರೆ ತಲೆಗೆ ಎಂತದೂ ಆಗಿಲ್ಲ."

ಒಂದು ರಾತ್ರಿಯ ಸೆಮಿಫೈನಲ್. ನಮ್ಮ ಹುಡುಗ ರೈಡಿಗೆ ಹೋದವನು ಡ್ಯಾಶ್ ತಿಂದು ಬೀಳುವಾಗ ಎದುರಾಳಿಯ ಮಂಡಿ ಅವನ ಕಿವಿಯ ಮೇಲೆ ಬಡಿಯಿತು. ಎದ್ದ. ಯಾರೋ ತಲೆಗೆ ನೀರು ಹೊಯ್ದರು, ಇನ್ನೊಬ್ಬರು ಕ್ಯಾಂಟೀನಿನಿಂದ ಈರುಳ್ಳಿ ತಂದು ಮೂಗಿಗೆ ಹಿಡಿದರು. ಮೈಕಿನವರು "ಮತ್ತೆ ಅಂಕಣಕ್ಕೆ ಇಳಿದ ಹುಲಿ" ಎಂದರು. ಸೀಟಿ, ಚಪ್ಪಾಳೆ. ಅವನು ಮುಂದಿನ ರೈಡಿಗೆ ಹೊರಟದ್ದು ನಮ್ಮದೇ ಅಂಕಣದ ಕಡೆಗೆ. ಜನ ನಕ್ಕರು, ನಾನೂ ನಕ್ಕೆ. ರಾತ್ರಿ ಮನೆಯಲ್ಲಿ ನಾಲ್ಕು ಸಲ ವಾಂತಿ ಮಾಡಿಕೊಂಡ ಮೇಲೆ ಅವನನ್ನು ಆಸ್ಪತ್ರೆಗೆ ಒಯ್ದರು. ಹುಷಾರಾದ, ಪುಣ್ಯ. ಆ ನಗು ಮಾತ್ರ ನನ್ನ ಗಂಟಲಲ್ಲಿ ಇನ್ನೂ ಇದೆ.

ತಲೆಗೆ ಪೆಟ್ಟು ಬಿದ್ದು ಮೆದುಳು ಅಲುಗಿದವರಲ್ಲಿ ಎಚ್ಚರ ತಪ್ಪುವವರು ಕಡಿಮೆ. ತಲೆನೋವು, ಮಂಕು, ಕೇಳಿದ್ದನ್ನೇ ಕೇಳುವುದು, ನಡೆಯುವಾಗ ತೂಗಾಡುವುದು, ಸ್ಕೋರ್ ಮರೆಯುವುದು, ಬೆಳಕು ಸಹಿಸದಿರುವುದು, ಇವೇ ಗುರುತು. ಸಂಶಯ ಬಂದರೆ ಆ ದಿನ ಅವನ ಆಟ ಮುಗಿಯಿತು. ಅವನು ಎಷ್ಟೇ ಅತ್ತುಕೊಂಡರೂ, ಫೈನಲ್ ಇದ್ದರೂ. ಸುಧಾರಿಸಿಕೊಳ್ಳದ ಮೆದುಳಿಗೆ ಎರಡನೇ ಪೆಟ್ಟು ಬಿದ್ದರೆ ಮೊದಲನೆಯದಕ್ಕಿಂತ ಕೆಟ್ಟದಾಗಬಹುದು, ಹುಡುಗ ಪ್ರಾಯದವರಿಗಂತೂ ಇನ್ನೂ. ವಾಂತಿ ನಿಲ್ಲದಿದ್ದರೆ, ತಲೆನೋವು ಏರುತ್ತಾ ಹೋದರೆ, ತೂಕಡಿಕೆ ಹೆಚ್ಚಿದರೆ, ಕೈಕಾಲು ಸೋತರೆ ತಡಮಾಡದೆ ಆಸ್ಪತ್ರೆ. ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ತಲೆಗೆ ಪೆಟ್ಟಾದವನ ಬದಲು ಪೂರ್ಣ ಪ್ರಮಾಣದ ಆಟಗಾರನನ್ನೇ ಇಳಿಸುವ ನಿಯಮ 2019ರಲ್ಲಿ ಬಂತು. ಆ ವರ್ಷ ಲಾರ್ಡ್ಸ್‌ನಲ್ಲಿ ಸ್ಟೀವ್ ಸ್ಮಿತ್ ಜಾಗಕ್ಕೆ ಬಂದ ಮಾರ್ನಸ್ ಲಬುಷೇನ್ ಮೊದಲಿಗ. ಬದಲಿ ಆಟಗಾರ ಸಿಗುತ್ತಾನೆ ಎಂದಾದರೆ ನಾಯಕನಿಗೂ ಗಾಯಾಳುವನ್ನು ಹೊರಗೆ ಕೂರಿಸುವ ಧೈರ್ಯ ಬರುತ್ತದೆ. ನಮ್ಮ ಪಂದ್ಯಾಟದಲ್ಲೂ ತಲೆಪೆಟ್ಟಿಗೆ ಹೆಚ್ಚುವರಿ ಬದಲಿ ಎಂದು ಬರೆದುಕೊಂಡೆವು, ಬೇರೆ ತಂಡಗಳು ತಕರಾರಿಲ್ಲದೆ ಒಪ್ಪಿದವು.

ಈರುಳ್ಳಿಯ ಜೊತೆ ಬೀಗದ ಕೈಯನ್ನೂ ಬಿಡಬೇಕು. ಫಿಟ್ಸ್ ಬಂದವನ ಕೈಗೆ ಕಬ್ಬಿಣ ಹಿಡಿಸುವುದರಿಂದ ಪ್ರಯೋಜನವಿಲ್ಲ. ಅವನನ್ನು ಮಗ್ಗುಲಿಗೆ ಹೊರಳಿಸಿ, ಸುತ್ತಲಿನ ಗುಂಪು ಚದುರಿಸಿ, ಬಾಯಿಗೆ ಏನನ್ನೂ ತುರುಕದಿದ್ದರೆ ಸಾಕು. ಉಸಿರೇ ನಿಂತು ಕುಸಿದವನಿಗಾದರೆ ಎದೆಯ ನಡುವೆ ಅಂಗೈಯಿಟ್ಟು ಐದು ಸೆಂಟಿಮೀಟರಾದರೂ ಇಳಿಯುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಆಂಬುಲೆನ್ಸ್ ಬರುವವರೆಗೆ ಒತ್ತುತ್ತಲೇ ಇರಬೇಕು. ಇದನ್ನು ಕಲಿಯಲು ಅರ್ಧ ದಿನ ಸಾಕು.

ತಪ್ಪು ಕಲ್ಪನೆ: "ಎರಡು ಕೆ.ಜಿ. ಇಳಿಸುವುದು ಎಂತ ದೊಡ್ಡ ವಿಷಯ?"

ತೂಕದ ವಿಭಾಗ ಇಟ್ಟದ್ದು ಸಣ್ಣ ಮೈಯವರಿಗೂ ಆಡಲು ಸಿಗಲಿ ಎಂದು. ಈಗ 62 ಇರುವವನು 60ರಲ್ಲಿ ಆಡಲು ಎರಡು ದಿನ ಅನ್ನ ನೀರು ಬಿಡುತ್ತಾನೆ, ಮೈಗೆ ಪ್ಲಾಸ್ಟಿಕ್ ಸುತ್ತಿಕೊಂಡು ಓಡುತ್ತಾನೆ, ತಕ್ಕಡಿ ಹತ್ತುವ ಮೊದಲು ಉಗುಳಿ ಉಗುಳಿ ಬಾಯಿ ಒಣಗಿಸುತ್ತಾನೆ. 1997ರ ಕೊನೆಯಲ್ಲಿ ಅಮೆರಿಕದ ಕಾಲೇಜುಗಳಲ್ಲಿ ಮೂವರು ಕುಸ್ತಿಪಟುಗಳು ಹೀಗೆ ತೂಕ ಇಳಿಸುತ್ತಲೇ ಕೆಲವೇ ವಾರಗಳ ಅಂತರದಲ್ಲಿ ಸತ್ತರು. ಆಮೇಲೆ ಅಲ್ಲಿನ ನಿಯಮ ಬದಲಾಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ 100 ಗ್ರಾಂ ಹೆಚ್ಚಾಗಿ ಫೈನಲ್ ಕಳೆದುಕೊಂಡದ್ದನ್ನು ನಾವೆಲ್ಲ ನೋಡಿದ್ದೇವೆ. ವೈದ್ಯರ ದಂಡೇ ಜೊತೆಗಿದ್ದವರಿಗೆ ಹಾಗಾದರೆ, ಜೊತೆಗೆ ಯಾರೂ ಇಲ್ಲದ ನಮ್ಮ ಹುಡುಗನ ಗತಿ?

ಕೆಲವರು ಮೆಡಿಕಲ್ ಶಾಪಿನಿಂದ ಮೂತ್ರ ಹೆಚ್ಚಿಸುವ ಮಾತ್ರೆ ತಂದು ನುಂಗುತ್ತಾರೆ. ಅದು ಬರೀ ಅಪಾಯವಲ್ಲ, ನಿಷೇಧಿತ ಮದ್ದಿನ ಪಟ್ಟಿಯಲ್ಲೂ ಇದೆ. ಇಲ್ಲಿಂದ ಮುಂದಿನ ತಪ್ಪು ಕಲ್ಪನೆಗೆ ಒಂದೇ ಹೆಜ್ಜೆ.

ತಪ್ಪು ಕಲ್ಪನೆ: "ಡೋಪಿಂಗ್ ಒಲಿಂಪಿಕ್ಸ್‌ನವರ ಕಾಯಿಲೆ."

2023ರ ಸೆಪ್ಟೆಂಬರ್‌ನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ಮದ್ದು ಪರೀಕ್ಷಕರು ಬಂದಿದ್ದಾರೆ ಎಂಬ ಸುದ್ದಿ ಹಬ್ಬಿತು. ಪುರುಷರ 100 ಮೀಟರ್ ಫೈನಲ್‌ಗೆ ಗೆರೆಯ ಮೇಲೆ ಬಂದು ನಿಂತವನು ಒಬ್ಬನೇ. ಅದು ಒಂದು ರಾಜ್ಯದ ಕೂಟ, ಅಷ್ಟೆ. ಶೌಚಾಲಯದಲ್ಲಿ ಸಿರಿಂಜುಗಳು ಬಿದ್ದಿದ್ದವು. ಈ ವಿಷಯದ ನಿಯಮ ಬಹಳ ಬಿಗಿ. ಮೈಯಲ್ಲಿ ಸಿಕ್ಕರೆ ಆಟಗಾರನೇ ಹೊಣೆ, ಯಾರು ಕೊಟ್ಟರು, ಗೊತ್ತಿತ್ತೇ ಇಲ್ಲವೇ ಎಂಬುದೆಲ್ಲ ಆಮೇಲಿನ ಮಾತು. ಜಿಮ್ಮಿನಲ್ಲಿ ಕೈಬದಲಾಗುವ ಲೇಬಲ್ಲಿಲ್ಲದ ಪುಡಿಯಲ್ಲೂ ನಿಷೇಧಿತ ಮದ್ದು ಬೆರೆತಿರಬಹುದು. ಪ್ರೊ ಕಬಡ್ಡಿಯ ಕನಸು ಕಾಣುವ ಹುಡುಗನಿಗೆ ನಾಲ್ಕು ವರ್ಷದವರೆಗಿನ ನಿಷೇಧ ಎಂದರೆ ಆಟವೇ ಮುಗಿದ ಹಾಗೆ.

ತಪ್ಪು ಕಲ್ಪನೆ: "ವಯಸ್ಸು ಒಂದು ವರ್ಷ ಕಡಿಮೆ ಬರೆಸಿದರೆ ಯಾರಿಗೆ ನಷ್ಟ?"

ಆ ಜಾಗಕ್ಕೆ ಬರಬೇಕಿದ್ದ ನಿಜವಾದ ಹದಿಮೂರರ ಹುಡುಗನಿಗೆ. ಅವನು ಮನೆಗೆ ಹೋದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಬೆಂಗಳೂರಿನ ನಮ್ಮ ರಾಹುಲ್ ದ್ರಾವಿಡ್ 2015ರಲ್ಲಿ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ವಯಸ್ಸಿನ ವಂಚನೆಯನ್ನು ಫಿಕ್ಸಿಂಗ್‌ಗೆ ಹೋಲಿಸಿ ಮಾತಾಡಿದ್ದರು. ಮಗುವಿಗೆ ಮೊದಲ ಸುಳ್ಳು ಕಲಿಸುವವರು ತಂದೆಯೋ ತರಬೇತುದಾರನೋ ಆಗಿರುತ್ತಾರೆ ಎಂಬುದು ಅವರ ನೋವು. ಕ್ರಿಕೆಟ್ ಮಂಡಳಿ ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಎಲುಬಿನ ಬೆಳವಣಿಗೆ ನೋಡುತ್ತದೆ. ಅದೂ ಅಂದಾಜೇ, ಹುಟ್ಟಿದ ದಿನ ಹೇಳುವುದಿಲ್ಲ. ನಮ್ಮಂಥವರಿಗೆ ಎಕ್ಸ್‌ರೇ ಬೇಕಿಲ್ಲ. ಊರಿನ ಮಗು ಯಾವ ಮಳೆಗಾಲದಲ್ಲಿ ಹುಟ್ಟಿದ್ದು ಎಂದು ಊರಿಗೇ ಗೊತ್ತಿರುತ್ತದೆ. ಗೊತ್ತಿಲ್ಲದಂತೆ ನಟಿಸದಿದ್ದರೆ ಸಾಕು.

ತಪ್ಪು ಕಲ್ಪನೆ: "ಆಂಬುಲೆನ್ಸ್ ತಂದು ನಿಲ್ಲಿಸಿದರೆ ಸುರಕ್ಷತೆ ಮುಗಿಯಿತು."

2021ರ ಮಾರ್ಚ್‌ನಲ್ಲಿ ತೆಲಂಗಾಣದ ಸೂರ್ಯಾಪೇಟೆಯ ಜೂನಿಯರ್ ಕಬಡ್ಡಿ ಕೂಟದಲ್ಲಿ ಕುಸಿದದ್ದು ಪ್ರೇಕ್ಷಕರ ಗ್ಯಾಲರಿ. ಗಾಯಗೊಂಡವರು ನೂರರ ಸುಮಾರಿಗೆ. 2022ರಲ್ಲಿ ಉತ್ತರ ಪ್ರದೇಶದ ಸಹಾರನ್‌ಪುರದಲ್ಲಿ ಕಬಡ್ಡಿ ಆಡಲು ಬಂದ ಹುಡುಗಿಯರ ಊಟವನ್ನು ಶೌಚಾಲಯದಲ್ಲಿಟ್ಟ ವೀಡಿಯೋ ದೇಶವೆಲ್ಲ ನೋಡಿತು, ಕ್ರೀಡಾಧಿಕಾರಿ ಅಮಾನತಾದರು. ಎರಡೂ ಕಡೆ ಪೆಟ್ಟು ಬಿದ್ದದ್ದು ಆಟದಿಂದಲ್ಲ. ಅಡಕೆ ಮರ ಕಟ್ಟಿ ಮಾಡುವ ನಮ್ಮ ಗ್ಯಾಲರಿಗೆ ಎಷ್ಟು ಜನ ಹತ್ತಬಹುದೆಂದು ಕಟ್ಟಿದವನನ್ನೇ ಕೇಳಿ ಬೋರ್ಡ್ ಹಾಕಬೇಕು. ಹುಡುಗಿಯರು ಬಟ್ಟೆ ಬದಲಿಸಲು ಚಿಲಕವಿರುವ ಒಂದು ಕೋಣೆ ಬೇಕು. ಇದಕ್ಕೆ ಟ್ರೋಫಿಯ ಖರ್ಚಿನಷ್ಟೂ ಆಗುವುದಿಲ್ಲ.

ತಪ್ಪು ಕಲ್ಪನೆ: "ಪೊಲೀಸ್ ಯಾಕೆ, ನಾವೇ ಕರೆಸಿ ಮಾತಾಡಿ ಮುಗಿಸುವ."

ಬೈಗುಳ, ತೀರ್ಪುಗಾರರ ಜೊತೆ ಜಗಳ, ಅಭ್ಯಾಸಕ್ಕೆ ತಡ, ಇವನ್ನೆಲ್ಲ ಮಂಡಲವೇ ಮುಗಿಸಲಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂಬ ಮಾತು ಬಂದರೆ ಮಾತ್ರ ನಾವು ಪಂಚಾತಿಗೆ ಮಾಡುವಂತಿಲ್ಲ. ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ ಪೋಕ್ಸೊದ 19ನೇ ಕಲಂ. ಮುಚ್ಚಿಟ್ಟರೆ ಆರು ತಿಂಗಳವರೆಗೆ ಶಿಕ್ಷೆ. ಕೈಕೆಳಗಿನವನು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥನೇ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಎಂದರೆ ಮಾನ ಉಳಿಸಲು ಹೊರಟ ಅಧ್ಯಕ್ಷರೇ ಆರೋಪಿ.

ಸಾಕ್ಷಿ ಬೇಕಲ್ಲ ಎಂದರು ಒಬ್ಬರು. ಸಾಕ್ಷಿ ಹುಡುಕುವುದು ನಮ್ಮ ಕೆಲಸವಲ್ಲ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಟ್ಟುಕೊಂಡು, ನಾಲ್ಕು ಜನರ ಎದುರು ಮತ್ತೆ ಮತ್ತೆ ಹೇಳಿಸದೆ, 1098 ಅಥವಾ 112ಕ್ಕೆ ಕರೆ ಮಾಡಬೇಕು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕ್ರಮ ಜರುಗಿಸುವಂತಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ, ಆದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬಂದು ಪಡೆಯಬೇಕು. ಮಗುವಿನ ಗುರುತು ಹೊರಬೀಳಬಾರದು. ವಾಟ್ಸಾಪ್ ಗುಂಪಿನಲ್ಲಿ ಹೆಸರು ಹಾಕಿ ಕಣ್ಣೀರಿನ ಇಮೋಜಿ ಒತ್ತುವವರು ಇದನ್ನು ಎರಡು ಸಲ ಓದಲಿ. ಆರೋಪ ಬಂದವರನ್ನು ತನಿಖೆ ಮುಗಿಯುವವರೆಗೆ ಮಕ್ಕಳಿಂದ ದೂರ ಇಡುವುದು ಮುನ್ನೆಚ್ಚರಿಕೆ, ತೀರ್ಪಲ್ಲ. ಇದನ್ನು ಮೊದಲೇ ಬರೆದಿಟ್ಟರೆ ಆ ದಿನ ಬಂದಾಗ ದಾಕ್ಷಿಣ್ಯ ಅಡ್ಡ ಬರುವುದಿಲ್ಲ.

ತಪ್ಪು ಕಲ್ಪನೆ: "ಹೊಣೆಯಲ್ಲ ಎಂದು ಅಚ್ಚು ಹಾಕಿಸಿದ್ದೇವಲ್ಲ!"

ಆಟ ಎಂದ ಮೇಲೆ ಮಂಡಿ ತರಚುತ್ತದೆ, ಬೆರಳು ಮುರಿಯುತ್ತದೆ. ಆಡಲು ಒಪ್ಪಿ ಬಂದವನು ಅಷ್ಟಕ್ಕೆ ಒಪ್ಪಿದ್ದಾನೆ. ತಲೆಪೆಟ್ಟಾದವನನ್ನು ಮತ್ತೆ ಇಳಿಸಲು, ಜೋತಾಡುವ ಕರೆಂಟ್ ವೈರಿನ ಕೆಳಗೆ ಆಡಿಸಲು ಅವನು ಒಪ್ಪಿಲ್ಲ. ಕರಪತ್ರದ ಸಣ್ಣಕ್ಷರ ಅಪರಾಧವನ್ನು ಅಳಿಸುವುದಿಲ್ಲ. ನಿರ್ಲಕ್ಷ್ಯದಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ತರುವುದನ್ನು ಭಾರತೀಯ ನ್ಯಾಯ ಸಂಹಿತೆ 125ನೇ ಕಲಂನಲ್ಲೂ, ಸಾವಾದರೆ 106ನೇ ಕಲಂನಲ್ಲೂ ಶಿಕ್ಷೆಗೆ ತಂದಿದೆ.

ಕಳೆದ ಸಲದ ಕರಡು ಕೈಗೆ ಬಂದಾಗ ಆ ಸಾಲಿಗೆ ಕೆಂಪು ಗೆರೆ ಎಳೆದೆ. ಪ್ರೆಸ್ಸಿನ ಹುಡುಗ ಫೋನ್ ಮಾಡಿದ: "ಸರ್, ಇದು ಎಲ್ಲದರಲ್ಲೂ ಇರ್ತದೆ, ತೆಗೆದ್ರೆ ಜಾಗ ಖಾಲಿ ಕಾಣ್ತದೆ." ಅಲ್ಲಿ ಒಂದು ಮೊಬೈಲ್ ನಂಬರ್ ಹಾಕಿಸಿದೆವು. ಮಕ್ಕಳ ದೂರು, ಸುರಕ್ಷತೆಯ ವಿಷಯಕ್ಕೆ ಇವರಿಗೆ ಕರೆ ಮಾಡಿ, ಎಂದು. ನಂಬರ್ ಮಂಡಲದ ಪದಾಧಿಕಾರಿಯದ್ದಲ್ಲ, ಊರಿನ ನಿವೃತ್ತ ನರ್ಸ್ ಒಬ್ಬರದ್ದು. ಪಂದ್ಯದ ರಾತ್ರಿ ಅವರಿಗೆ ಮೂರು ಕರೆ ಬಂದವಂತೆ. ಎರಡು, ಊಟ ಎಷ್ಟು ಹೊತ್ತಿಗೆ ಎಂದು ಕೇಳಲು. ಮೂರನೆಯದು ಏನೆಂದು ಅವರು ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ.